ಘಟ್ಟ ಇಳಿಯೋ ಮುನ್ನ ಹಳೆ ಗಾಡಿಯ ಸದ್ದು ಕೇಳಿ

ಜೋಯಿಡಾ ಭಾಗದಲ್ಲಿ ತರಕಾರಿ, ಬಾಳೆ, ಗೆಡ್ಡೆಗೆಣಸು ಬೆಳೆದು ಗೋವಾಕ್ಕೆ ಕಳಿಸೋರಿಗೆ ಅನಮೋಡ ಘಟ್ಟ ಹೊಸದಲ್ಲ. ನಸುಕಿನಲ್ಲಿ ಲೋಡ್ ಹಾಕಿಕೊಂಡು ಮೊಲ್ಲೆಂ ಕಡೆ ಇಳಿಯುವಾಗ ಗಾಡಿ ಕೈಕೊಟ್ಟರೆ ಮಾಲು ಬಾಡುತ್ತೆ, ಕಾಡಿನ ನಡುವೆ ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ. ಹತ್ತು-ಹದಿನೈದು ವರ್ಷದ ಡೀಸೆಲ್ ಪಿಕಪ್ ಇಟ್ಟುಕೊಂಡವರು ಮನೆಯಲ್ಲೇ ಏನೇನು ನೋಡಬಹುದು ಅಂತ ಈ ವಾರ ತಿಳಿಯೋಣ.

ಬೆಲ್ಟ್ ಕಿರುಚಿದರೆ ಬ್ರೇಕ್ ನೆನಪಾಗಲಿ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ "ಕೀಂಯ್" ಅಂತ ಕಿರುಚಿ, ಸ್ವಲ್ಪ ಹೊತ್ತಿಗೆ ನಿಲ್ಲುತ್ತಾ? ಬಹುತೇಕ ಫ್ಯಾನ್ ಬೆಲ್ಟ್ ಸಡಿಲ ಆಗಿದೆ ಅಥವಾ ಸವೆದಿದೆ. ಇದನ್ನ ಸಣ್ಣ ಸದ್ದು ಅಂತ ಬಿಡಬೇಡಿ. ಹಲವು ಹಳೆ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡೋ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂಬದಿಗೇ ಇರುತ್ತೆ. ಬೆಲ್ಟ್ ಹರಿದರೆ ಬ್ಯಾಟರಿ ಚಾರ್ಜ್ ನಿಲ್ಲುತ್ತೆ, ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತೆ. ಅದೇ ಬೆಲ್ಟ್ ವಾಟರ್ ಪಂಪ್ ತಿರುಗಿಸ್ತಿದ್ದರೆ ಇಂಜಿನ್ನೂ ಬಿಸಿಯೇರುತ್ತೆ. ಲೋಡ್ ಗಾಡಿಗೆ ಘಟ್ಟದಲ್ಲಿ ಇದಕ್ಕಿಂತ ಅಪಾಯ ಬೇಕಾ?

ಇಂಜಿನ್ ಬಂದ್ ಮಾಡಿ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿಂದ ಒತ್ತಿ ನೋಡಿ. ಸುಮಾರು 10 ಮಿ.ಮೀ. ಬಗ್ಗಿದರೆ ಸಾಮಾನ್ಯವಾಗಿ ಸರಿ. ಬಿರುಕು, ಎಳೆ, ಕನ್ನಡಿಯಂಥ ಹೊಳಪು ಕಂಡರೆ ಬೆಲ್ಟ್ ಬದಲಿಸಿ.

ಉಳಿದ ಸದ್ದುಗಳು

- ಟಿಕ್ ಟಿಕ್, ರೇಸ್ ಕೊಟ್ಟಂತೆ ವೇಗ ಹೆಚ್ಚಾಗೋದು: ಮೊದಲು ಆಯಿಲ್ ಮಟ್ಟ ನೋಡಿ. ಸಮತಟ್ಟು ಜಾಗದಲ್ಲಿ, ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆಯಿರಿ. ಮಟ್ಟ ಸರಿ ಇದ್ದರೆ ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿ.
- ಇಂಜಿನ್ ಒಳಗಿಂದ ದಪ್ಪ "ಠಕ್ ಠಕ್", ಜೊತೆಗೆ ಕೆಂಪು ಆಯಿಲ್ ದೀಪ: ಪಕ್ಕಕ್ಕೆ ನಿಲ್ಲಿಸಿ, ಕೂಡಲೇ ಬಂದ್ ಮಾಡಿ. ಇನ್ನೊಂದು ಕಿಲೋಮೀಟರ್ ಓಡಿಸಿದರೂ ಬೇರಿಂಗ್ ಹೋಗಬಹುದು.
- ಕೀಲಿ ತಿರುಗಿಸಿದಾಗ "ಟರ್ರ್" ಅಂತ ಬಡಿತ: ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ. ಒಂದೇ "ಟಕ್" ಬಂದು ಸುಮ್ಮನಾದರೆ ಸ್ಟಾರ್ಟರ್ ಅಥವಾ ಅದರ ವೈರ್ ಮೇಲೆ ಅನುಮಾನ.

ಸದ್ದನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಮೆಕ್ಯಾನಿಕ್‌ಗೆ ಕಳಿಸಿ. ಗಾಡಿ ತಣ್ಣಗಿತ್ತಾ, ಬಿಸಿ ಇತ್ತಾ, ಲೋಡ್ ಇತ್ತಾ ಅಂತಲೂ ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ.

ಕರೆಂಟ್ ತೊಂದರೆ: ಮೊದಲು ಬೇರು ನೋಡಿ

ಕಳೆದ ಮಳೆಗಾಲ ನನ್ನ ಪಿಕಪ್‌ನಲ್ಲಿ ಇಂಡಿಕೇಟರ್ ಹಾಕಿದಾಗಲೆಲ್ಲ ಹೆಡ್‌ಲೈಟ್ ಮಿಣುಕುತ್ತಿತ್ತು. "ಹೊಸ ಬ್ಯಾಟರಿ ಹಾಕ್ಸಿ" ಅಂದವರೇ ಹೆಚ್ಚು. ಎಲೆ ಹಳದಿಯಾದ ಕೂಡಲೇ ಗೊಬ್ಬರ ಸುರೀತೀವಾ? ಮೊದಲು ಬೇರು ನೋಡ್ತೀವಿ. ಗಾಡಿಯ ಬೇರು ಅಂದ್ರೆ ಅರ್ಥ್. ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಬರೋ ವೈರಿನ ಬೋಲ್ಟ್ ಕೆಂಪು ಮಣ್ಣಿನಡಿ ತುಕ್ಕು ಹಿಡಿದಿತ್ತು. ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಬಿಗಿ ಮಾಡಿ, ಗ್ರೀಸ್ ಸವರಿದೆ. ಮಿಣುಕೋದು ನಿಂತಿತು.

ಒಂದು ಸಾದಾ ಮಲ್ಟಿಮೀಟರ್ ಇಟ್ಟುಕೊಳ್ಳಿ. ಡಿಸಿ ವೋಲ್ಟ್‌ನಲ್ಲಿ ಹೀಗೆ ನೋಡಿ:

- ರಾತ್ರಿ ನಿಂತ ಗಾಡಿ, ಬೆಳಿಗ್ಗೆ ಬ್ಯಾಟರಿ: 12.6 ಇದ್ದರೆ ಪೂರ್ತಿ ಚಾರ್ಜ್, 12.2 ಅಂದ್ರೆ ಸುಮಾರು ಅರ್ಧ.
- ಇಂಜಿನ್ ಓಡುವಾಗ: 13.8ರಿಂದ 14.5. ಏರದೇ ಇದ್ದರೆ ಬೆಲ್ಟ್ ಅಥವಾ ಆಲ್ಟರ್ನೇಟರ್ ದೋಷ. 15 ದಾಟಿದರೆ ರೆಗ್ಯುಲೇಟರ್.
- ಹೆಡ್‌ಲೈಟ್ ಹಾಕಿ, ಬ್ಯಾಟರಿ ಮೈನಸ್‌ಗೂ ಬಾಡಿಯ ಬರಿ ಲೋಹಕ್ಕೂ ನಡುವೆ: 0.2ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ಥ್ ಸರಿ ಇಲ್ಲ.

ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನ ಅಡುಗೆ ಸೋಡಾ ನೀರಿನಿಂದ ತೊಳೆಯಿರಿ. ವೈರ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಫ್ಯೂಸ್ ಸುಟ್ಟರೆ 10 ಆಂಪಿಯರ್ ಜಾಗಕ್ಕೆ 10ರದ್ದೇ ಹಾಕಿ. ತಂತಿ ಸುತ್ತಿದರೆ ವೈರಿಂಗೇ ಹೊತ್ತಿಕೊಳ್ಳುತ್ತೆ. ಭತ್ತ, ಹಿಂಡಿ ಇಡೋ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸ್ತೀರಾ? ವಾರಕ್ಕೊಮ್ಮೆ ಬಾನೆಟ್ ಎತ್ತಿ ಇಲಿ ಕಡಿದ ವೈರ್ ಹುಡುಕಿ.

ಘಟ್ಟದಲ್ಲಿ

ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಅಥವಾ ಇಂಜಿನ್ ಬಂದ್ ಮಾಡಿ ಇಳಿಯಲೇಬೇಡಿ. ಹತ್ತುವ ಗೇರ್‌ನಲ್ಲೇ ಇಳಿಯಿರಿ. ಚಾರ್ಜ್ ದೀಪ ಹೊತ್ತಿದರೆ ಅಗಲ ಜಾಗ ನೋಡಿ ನಿಲ್ಲಿಸಿ, ಬೆಲ್ಟ್ ಇದೆಯಾ ನೋಡಿ, ಆಮೇಲೆ ಮುಂದಿನ ಮಾತು. ಸೀಟಿನ ಹಿಂದೆ ಒಂದು ಸ್ಪೇರ್ ಬೆಲ್ಟ್, ನಾಲ್ಕು ಫ್ಯೂಸ್, ಸ್ಪ್ಯಾನರ್, ಟಾರ್ಚ್ ಯಾವಾಗಲೂ ಇರಲಿ.