ಆಮೆ ಬಿಡಿಸಿದ ನಕ್ಷತ್ರ

ಪುಣೆಯ ನಮ್ಮ ಸೊಸೈಟಿಯಲ್ಲಿ ಭಾನುವಾರ ಏಳೆಂಟು ಕನ್ನಡದ ಮಕ್ಕಳಿಗೆ ಪೈಥಾನ್ ಕಲಿಸುತ್ತೇನೆ. ಶುರು ಮಾಡುವುದು ‘ಹಲೋ ವರ್ಲ್ಡ್’ನಿಂದಲ್ಲ, ಆಮೆಯಿಂದ. 1967ರಲ್ಲಿ ಹುಟ್ಟಿದ ಲೋಗೋ ಭಾಷೆಯ ಬಳುವಳಿಯಾದ ಈ ಆಮೆ ಪೈಥಾನ್ ಜೊತೆಗೇ ಸಿಗುತ್ತದೆ. ಹೇಳಿದಷ್ಟು ನಡೆದು, ಹೇಳಿದಷ್ಟು ತಿರುಗಿ, ಹಿಂದೆ ಗೆರೆ ಬಿಡುತ್ತದೆ. ತಪ್ಪನ್ನು ಮೇಷ್ಟ್ರು ಹೇಳಬೇಕಿಲ್ಲ, ಕಣ್ಣಿಗೇ ಕಾಣುತ್ತದೆ.

ಐದು ಗೆರೆ, ಪ್ರತಿಸಲ 144 ಡಿಗ್ರಿ ತಿರುಗಿದರೆ ನಕ್ಷತ್ರ. ಗಣಿತವೆಂದರೆ ಹೆದರುವ ಏಳನೇ ಕ್ಲಾಸಿನ ಹುಡುಗಿ 140 ಕೊಟ್ಟಳು. ತುದಿ ಕೂಡಲಿಲ್ಲ.

‘ತಪ್ಪಾಯ್ತಾ ಅಂಕಲ್?’

‘ಅಳಿಸಬೇಡ, ಇನ್ನಷ್ಟು ಸಲ ತಿರುಗಿಸು.’

ಹದಿನೆಂಟನೇ ಗೆರೆಗೆ ಕೂಡಿತು. ರಂಗೋಲಿಯಂಥ ಹದಿನೆಂಟು ಮೂಲೆಯ ನಕ್ಷತ್ರ! ಹದಿನೆಂಟೇ ಏಕೆ? 18 ಸಲ 140 ಅಂದರೆ 2520, ಸರಿಯಾಗಿ ಏಳು ಸುತ್ತು. ಲೆಕ್ಕ ಹಾಕಿದ್ದು ಅವಳೇ. 100 ಕೊಟ್ಟರೆ ಎಷ್ಟು ಗೆರೆ ಎಂದು ಈಗ ನನ್ನನ್ನೇ ಕೇಳುತ್ತಿದ್ದಾಳೆ.