ಕೆರೆಯಿಂದ ಹೊಂಡಕ್ಕೆ, ಗುಡ್ಡದ ಮೇಲಿಂದ

ಮುದ್ದೇಬಿಹಾಳದ ಕಡೆಯವರಿಗೆ ನೀರೆಂದರೆ ಕೃಷ್ಣೆ, ಹಿನ್ನೀರು, ಕಾಲುವೆ. ಎರೆಹೊಲದಲ್ಲಿ ಬೆಳೆದ ನಮಗೆ ಗುಡ್ಡ ಎಂದರೇ ಪರದೇಶ. ಗುಡ್ಡದ ನಡುವೆ ಕೆರೆ ಎಂದರೆ ಇನ್ನೂ ದೂರದ ಮಾತು. ಆದ್ದರಿಂದ ಯುಗಾದಿ ಮುಗಿದು ಬೇವು ಇನ್ನೂ ಹೂವಲ್ಲಿರುವಾಗ ‘ಒಂದಿನ ಗುಡ್ಡ ಹತ್ತಿ ಕೆರಿ ನೋಡಿ ಬರೂಣ್ರಿ’ ಎಂದು ಗೆಳೆಯರ ಗುಂಪು ಕೂಡಿದಾಗ ಜಾಗದ ಬಗ್ಗೆ ಚರ್ಚೆಯೇ ಆಗಲಿಲ್ಲ. ಬಾದಾಮಿ. ಆದರೆ ಎಲ್ಲರಂತೆ ಗುಹೆ ನೋಡಿ, ಕೆರೆ ಮುಂದೆ ಫೋಟೊ ಹೊಡೆಸಿಕೊಂಡು ವಾಪಸಾಗುವುದಲ್ಲ; ಅಗಸ್ತ್ಯತೀರ್ಥದಿಂದ ಗುಡ್ಡ ಏರಿ, ಆಚೆ ಕಡೆ ಮಹಾಕೂಟಕ್ಕೆ ಇಳಿಯುವುದು ಎಂದು ನಮ್ಮಲ್ಲಿದ್ದ ನಿವೃತ್ತ ಮಾಸ್ತರರು ಹಟ ಹಿಡಿದರು.

ನಸುಕಿಗೇ ಹೊರಟು, ತಂಗಡಗಿಯಲ್ಲಿ ನೀಲಮ್ಮನ ಗುಡಿಗೆ ಕೈ ಮುಗಿದು ಹೊಳೆ ದಾಟಿ, ಹುನಗುಂದದ ಮೇಲೆ ಅಮೀನಗಡ ಸೇರಿದೆವು. ಅಲ್ಲಿ ಕರದಂಟು ಕಟ್ಟಿಸಿಕೊಳ್ಳದೆ ಮುಂದೆ ಹೋದ ಗುಂಪನ್ನು ನಾನಂತೂ ಕಂಡಿಲ್ಲ. ಬಾದಾಮಿ ಮುಟ್ಟಿದಾಗ ಬಿಸಿಲಿನ್ನೂ ಬಲಿತಿರಲಿಲ್ಲ. ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ ಎದುರಿನ ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಎರಡು ಗುಡ್ಡಗಳ ನಡುವಿನ ಬಾಯಿಗೆ ಒಡ್ಡು ಹಾಕಿ, ಬಂಡೆಯ ಮೇಲೆ ಬಿದ್ದ ಮಳೆನೀರನ್ನೆಲ್ಲ ಹಿಡಿದಿಟ್ಟ ಕೆರೆ ಇದು. ವಾತಾಪಿ, ಇಲ್ವಲ, ಅಗಸ್ತ್ಯರ ಕಥೆ ನಮ್ಮ ಅಜ್ಜಿಯರ ಬಾಯಲ್ಲಿ ಎಲ್ಲರೂ ಕೇಳಿದ್ದೇ. ನನಗೆ ಮಾತ್ರ ಆ ಋಷಿಗಿಂತ ಒಡ್ಡು ಕಟ್ಟಿದ ಹೆಸರಿಲ್ಲದ ಒಡ್ಡರ ಮೇಲೆ ಭಕ್ತಿ ಹೆಚ್ಚು.

ಇತಿಹಾಸ ಗೊತ್ತಿದ್ದದ್ದೇ, ಚುಟುಕಾಗಿ ಮುಗಿಸುತ್ತೇನೆ. ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದಕ್ಕೆ ಬಂಡೆಯ ಮೇಲಿನ ಶಾಸನವೇ ಸಾಕ್ಷಿ. 578ರಲ್ಲಿ ಮಂಗಳೇಶ ಮೂರನೆಯ ಗುಹೆಯನ್ನು ಪೂರೈಸಿದ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಊರನ್ನು ಗೆದ್ದು, ತಾನು ಗೆದ್ದದ್ದನ್ನು ಬಾದಾಮಿಯ ಬಂಡೆಯ ಮೇಲೆಯೇ ಕೊರೆಸಿದ. ಕೆರೆಯ ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಅಷ್ಟು ಹಳೆಯದು ಎಂದು ತೋರಿಸಲು ಎಲ್ಲರೂ ಬೆರಳು ಮಾಡುವುದು ಅದರ ಕಡೆಗೇ.

ಗುಡ್ಡ ಏರಿದ ಮೇಲೆ ಕೆರೆ ಬೇರೆಯೇ ಆಗಿ ಕಾಣುತ್ತದೆ. ಕೆಳಗೆ ಹಸಿರುಗಟ್ಟಿದ ನೀರು, ಅದರ ಅಂಚಿಗೆ ಭೂತನಾಥ, ಸುತ್ತ ಕೆಂಪು ಮರಳುಗಲ್ಲಿನ ಗೋಡೆ. ಮೇಲೆ ಚಪ್ಪಟೆ ಹಾಸುಬಂಡೆ, ಕುರುಚಲು ಮುಳ್ಳುಕಂಟಿ, ಒಣಗಿದ ಹುಲ್ಲು. ಮಂಗಗಳು ನಮ್ಮ ಬುತ್ತಿಯ ವಾಸನೆ ಹಿಡಿದು ಅರ್ಧ ದಾರಿ ಬಂದವು. ದಾರಿ ಸುಮಾರು ಐದು ಕಿಲೋಮೀಟರ್. ಯಾತ್ರಿಕರ ಕಾಲಿಗೆ ಸವೆದ ಹಳೆಯ ಕಲ್ಲುಮೆಟ್ಟಿಲುಗಳು ಅಲ್ಲಲ್ಲಿ ಎದುರಾಗುತ್ತವೆ. ಹೊತ್ತೇರಿದಂತೆ ಮಾತು ಕಡಿಮೆಯಾಗಿ, ನೀರಿನ ಬಾಟಲಿಯ ಲೆಕ್ಕ ಹೆಚ್ಚಾಯಿತು. ಇಳಿಜಾರಿನ ಕೊನೆಗೆ ಹಳೆಯ ಬಾಗಿಲ ಇಕ್ಕೆಲಗಳಲ್ಲಿ ಎಲುಬಿನ ಹಂದರದಂಥ ದ್ವಾರಪಾಲಕರು ನಿಂತಿದ್ದಾರೆ. ಸುಸ್ತಾಗಿ ಇಳಿದವರಿಗೆ ತಮ್ಮದೇ ಚಿತ್ರ ಕಂಡಂತೆ.

ಒಳಗೆ ಕಾಲಿಟ್ಟರೆ ಆಲದ ನೆರಳು, ತುಂಬಿದ ಹೊಂಡ. ಬಾದಾಮಿ ಕೆರೆ ಮಳೆ ನಂಬಿ ಬದುಕಿದರೆ ಮಹಾಕೂಟದ ಪುಷ್ಕರಣಿಗೆ ಒರತೆಯ ಆಸರೆ. ನಮ್ಮ ಹುಡುಗರು ನೀರಿಗಿಳಿದರು. ಹಿರಿಯರು ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಿಚ್ಚಿದರು. ಉತ್ತರದ ಶೈಲಿಯ ಶಿಖರವೂ ದ್ರಾವಿಡ ಶೈಲಿಯ ಶಿಖರವೂ ಒಂದೇ ಅಂಗಳದಲ್ಲಿ ನಿಂತಿರುವುದನ್ನು ನೋಡುತ್ತ ಉಂಡದ್ದಾಯಿತು. ಆಗ ಮಾಸ್ತರರು ತಮ್ಮ ಅಸ್ತ್ರ ತೆಗೆದರು: ‘ಇಲ್ಲೊಂದು ಕಂಬ ಇತ್ತು ನೋಡ್ರಿ. ಅದನ್ನ ಕೆಳಗಿಂದ ಮ್ಯಾಲಕ್ಕ ಓದಬೇಕು.’

ಅಲ್ಲಿಂದ ನನ್ನ ತಲೆ ಕೆಟ್ಟಿತು. ಮಂಗಳೇಶ ನೆಡಿಸಿದ ಧರ್ಮ ವಿಜಯಸ್ತಂಭ ಅದು. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಸಾಲುಗಳು ಕಂಬವನ್ನು ಬಳಸಿಕೊಂಡು ಬುಡದಿಂದ ಮೇಲೇರುತ್ತವೆ. ಓದುವವನು ಪ್ರದಕ್ಷಿಣೆ ಹಾಕುತ್ತಲೇ ಓದಬೇಕು. ಹಾಗೇಕೆ ಕೊರೆದರು? ಭಕ್ತನನ್ನು ಸುತ್ತಿಸಲೆಂದೇ ಎಂಬುದು ಮಾಸ್ತರರ ವಾದ. ಬಳ್ಳಿ ಹಬ್ಬಿದಂತೆ ರಾಜನ ಕೀರ್ತಿಯೂ ಮೇಲಕ್ಕೇ ಏರಲಿ ಎಂಬ ಆಸೆ ಇರಬೇಕೆಂದು ನನ್ನದು.

ಒಕ್ಕಣೆಯೂ ಸಣ್ಣದೇನಲ್ಲ. ಅಣ್ಣ ಕೀರ್ತಿವರ್ಮ ಅಂಗ, ವಂಗ, ಮಗಧಗಳನ್ನೂ ಗೆದ್ದನೆಂದು ಹೇಳುತ್ತದೆ. ಇದನ್ನು ನಂಬಲು ನನಗೆ ಮನಸ್ಸಿಲ್ಲ. ಹೊಗಳುವವನಿಗೆ ಊರು ಕೇರಿಯ ಲೆಕ್ಕವಿಲ್ಲ. ಮಂಗಳೇಶನಿಗೆ ಭಾಗೀರಥಿಯ ದಂಡೆಯಲ್ಲಿ ವಿಜಯಸ್ತಂಭ ನೆಡುವ ಆಸೆ. ಅದಕ್ಕೂ ಮುಂಚೆ ಧರ್ಮದ ಕಂಬ ಇಲ್ಲಿರಲಿ ಎಂಬ ನಿಶ್ಚಯ. ಕಲಚುರಿ ಬುದ್ಧರಾಜನನ್ನು ಸೋಲಿಸಿದ ಮಾತು ಬರುತ್ತದೆ. ತಂದೆಯ ರಾಣಿ ದುರ್ಲಭದೇವಿಯ ಹೆಸರೂ, ಮಕುಟೇಶ್ವರನಾಥನಿಗೆ ಬಿಟ್ಟ ಹತ್ತು ಹಳ್ಳಿಗಳ ಪಟ್ಟಿಯೂ ಇದೆ. ಪಟ್ಟಿಯಲ್ಲಿನ ಕೆಸುವೊಳಲ ಎಂದರೆ ಇಂದಿನ ಪಟ್ಟದಕಲ್ಲು. ತೇದಿ ಸಿದ್ಧಾರ್ಥ ಸಂವತ್ಸರದ ವೈಶಾಖ ಹುಣ್ಣಿಮೆ, ಅಂದರೆ ನಾವು ಬೆವರು ಸುರಿಸಿ ಇಳಿದ ಇದೇ ಬೇಸಿಗೆಯ ಮೊದಲ ದಿನಗಳು. ಶಾಸನವನ್ನು ಸಂಪಾದಿಸಿದ ಜೆ.ಎಫ್. ಫ್ಲೀಟ್ ಇದನ್ನು ಕ್ರಿ.ಶ. 602 ಎಂದು ಲೆಕ್ಕ ಹಾಕಿದ. ಕೆಲ ವರ್ಷ ಹಿಂದಕ್ಕೆ ಒಯ್ಯುವ ವಿದ್ವಾಂಸರೂ ಇದ್ದಾರೆ. ಗಂಗೆಯ ದಂಡೆಯ ಕಂಬವಂತೂ ಏಳಲಿಲ್ಲ. ಅಣ್ಣನ ಮಗ ಇಮ್ಮಡಿ ಪುಲಕೇಶಿಯ ಜೊತೆಗಿನ ಕಾದಾಟದಲ್ಲಿ ಮಂಗಳೇಶ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಹಾಗೆಂದು ಹೇಳುವ 634ರ ಶಾಸನ ನಾವು ಬಂದ ದಾರಿಗೆ ಹತ್ತಿರದ ಐಹೊಳೆಯಲ್ಲಿದೆ.

‘ಹಂಗಾರ ಕಂಬ ಎಲ್ಲೈತ್ರಿ ಸರ?’ ಎಂದು ಹುಡುಗನೊಬ್ಬ ಕೇಳಿದ. ವಿಜಯಪುರದಲ್ಲಿ, ಗೋಳಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ! ಬ್ರಿಟಿಷರ ಕಾಲದಲ್ಲಿ ಮಹಾಕೂಟವೂ ಮುದ್ದೇಬಿಹಾಳವೂ ಒಂದೇ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಗುಮ್ಮಟದಲ್ಲಿ ಕೂಗು ಹಾಕಲು ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಕರೆದೊಯ್ಯುವ ನಾವು ಈ ಕಂಬದ ಮುಂದೆ ಎಷ್ಟು ಸಲ ಹಾದು ಹೋಗಿದ್ದೇವೋ. ಆಮೇಲೆ ನಾನು ಹೋಗಿ ನೋಡಿ ಬಂದೆ. ಸುತ್ತು ಹಾಕಿದೆ ಕೂಡ. ಅಕ್ಷರ ಬರದಿದ್ದರೂ ಕಾಲು ತಾನಾಗಿ ಸುತ್ತುತ್ತದೆ.

ಕಂಬ ಹೋದರೂ ಮಹಾಕೂಟ ಬರಿದಾಗಿಲ್ಲ. ಗುಡಿಯ ಕಂಬದ ಮೇಲೆ ವಿನಾಪೋಟಿಯ ಕನ್ನಡ ಶಾಸನವಿದೆ. ವಿಜಯಾದಿತ್ಯ ಅರಸನ ಪ್ರಾಣವಲ್ಲಭೆಯಾದ ಆಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಛತ್ರಿಯನ್ನೂ ಕೊಟ್ಟದ್ದು ಅದರಲ್ಲಿದೆ. ಅರಸನ ಕಂಬ ಊರು ಬಿಟ್ಟಿತು, ಸೂಳೆಯೆಂದು ಕರೆಸಿಕೊಂಡವಳ ಮಾತು ಇದ್ದಲ್ಲೇ ಉಳಿಯಿತು. ನನಗೆ ಇದು ಮಂಗಳೇಶನ ದಿಗ್ವಿಜಯಕ್ಕಿಂತ ಹೆಚ್ಚು ಇಷ್ಟವಾದ ಸಂಗತಿ.

ಮೂಲ ಕಂಬವನ್ನು ವಾಪಸು ತಂದು ಬಿಸಿಲು ಮಳೆಗೆ ಒಡ್ಡಬೇಕೆಂದು ಯಾರೂ ಕೇಳುತ್ತಿಲ್ಲ. ಅದು ಸುರಕ್ಷಿತವಾಗಿಯೇ ಇರಲಿ. ಆದರೆ ಮಹಾಕೂಟದ ಅಂಗಳದಲ್ಲಿ ಅದರದೊಂದು ಪ್ರತಿಕೃತಿ, ಪಕ್ಕಕ್ಕೆ ಶಾಲೆಯ ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ಪೂರ್ತಿ ಅನುವಾದ ನಿಲ್ಲಿಸುವುದು ಪುರಾತತ್ವ ಇಲಾಖೆಗೆ ದೊಡ್ಡ ಕೆಲಸವಲ್ಲ. ಅಲ್ಲಿಯವರೆಗೆ ನಮ್ಮ ಭಾಗದ ಶಿಕ್ಷಕರು ಪ್ರವಾಸದ ದಾರಿಯನ್ನು ಸ್ವಲ್ಪ ತಿದ್ದಿಕೊಳ್ಳಲಿ: ಮೊದಲು ವಿಜಯಪುರದಲ್ಲಿ ಕಂಬ, ಆಮೇಲೆ ಬಾದಾಮಿ ಕೆರೆ, ಗುಡ್ಡದ ಮೇಲೆ ಕಾಲುನಡಿಗೆ, ಕೊನೆಗೆ ಹೊಂಡ. ಯುಗಾದಿ ದಾಟಿದರೆ ಬೆಳಿಗ್ಗೆ ಹತ್ತರೊಳಗೆ ಗುಡ್ಡ ಇಳಿದಿರಬೇಕು. ತಲೆಗೆ ಟವೆಲ್ಲು, ಕೈಗೆ ಸಾಕಷ್ಟು ನೀರು ಇರಲಿ. ಬುತ್ತಿಯನ್ನು ಮಂಗಗಳಿಗೆ ತೋರಿಸಬೇಡಿ.