ವಚನ ಟೀಕೆಗಳು ಮತ್ತು ಇಂಗ್ಲಿಷ್ ಅನುವಾದ: ಗ್ರೀಕ್ ವ್ಯಾಖ್ಯಾನಗಳ ನಿದರ್ಶನದೊಂದಿಗೆ ಕೆಲವು ವಿಚಾರಗಳು

‘ಟೀಕೆ’ ಎಂಬ ಪದ ಇಂದಿನ ಕನ್ನಡದಲ್ಲಿ ಬಹುಮಟ್ಟಿಗೆ ದೋಷ ಹುಡುಕುವ ಮಾತಾಗಿ ಉಳಿದಿದೆ. ಹದಿನೈದನೆಯ ಶತಮಾನದ ಕನ್ನಡದಲ್ಲಿ ಅದು ಒಂದು ಶಾಸ್ತ್ರೀಯ ಬರವಣಿಗೆಯ ಹೆಸರು. ಸೊಲ್ಲಾಪುರ, ಅಕ್ಕಲಕೋಟೆಗಳ ದ್ವಿಭಾಷಿಕ ಓದುಗರಿಗೆ ಈ ಎರಡು ಅರ್ಥಗಳ ನಡುವಣ ಅಂತರ ಮರಾಠಿಯಿಂದಲೂ ಪರಿಚಿತವಾದುದು. ದಿನಪತ್ರಿಕೆಯಲ್ಲಿ ಓದುವ ‘ಟೀಕಾ’ ಬೇರೆ. ಜ್ಞಾನೇಶ್ವರಿಯನ್ನು ಗೀತೆಯ ಟೀಕಾ ಎಂದು ಕರೆಯುವಾಗಿನ ‘ಟೀಕಾ’ ಬೇರೆ. 1290ರಲ್ಲಿ ಮುಗಿದ ಆ ಭಾವಾರ್ಥದೀಪಿಕೆ ಇನ್ನೊಂದು ಗ್ರಂಥದ ವ್ಯಾಖ್ಯಾನವಾಗಿಯೇ ಹುಟ್ಟಿತು. ಆದರೆ ಮರಾಠಿ ಸಾಹಿತ್ಯ ಅದನ್ನು ತನ್ನ ಮೂಲಗ್ರಂಥಗಳಲ್ಲೊಂದಾಗಿ ಎಣಿಸಿತು. ವಿ.ಜಿ. ಪ್ರಧಾನ್ ಅವರು ಮಾಡಿದ ಅದರ ಇಂಗ್ಲಿಷ್ ಅನುವಾದ ಎಚ್.ಎಂ. ಲ್ಯಾಂಬರ್ಟ್ ಅವರ ಸಂಪಾದನೆಯಲ್ಲಿ 1967 ಮತ್ತು 1969ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಅಲ್ಲಿ ಅನುವಾದಗೊಂಡದ್ದು ಗೀತೆಯಲ್ಲ, ಗೀತೆಯ ವ್ಯಾಖ್ಯಾನ. ಕನ್ನಡದ ವಚನ ಟೀಕೆಗಳಿಗೆ ಇಂಗ್ಲಿಷಿನಲ್ಲಿ ಅಂಥ ಸ್ಥಾನ ದೊರೆಯಲಿಲ್ಲ. ಜ್ಞಾನೇಶ್ವರಿ ಓವಿಯಲ್ಲಿದೆ, ವಚನ ಟೀಕೆಗಳು ಬಿಗಿಯಾದ ಗದ್ಯದಲ್ಲಿವೆ ಎಂಬುದು ಒಂದು ಕಾರಣವಿರಬಹುದು. ಆದರೆ ಅದು ಪೂರ್ಣ ಕಾರಣವಲ್ಲ.

ವಚನಗಳ ಹನ್ನೆರಡನೆಯ ಶತಮಾನದ ಹಸ್ತಪ್ರತಿಗಳು ನಮಗೆ ಉಳಿದುಬಂದಿಲ್ಲ. ಇಂದು ವಚನವೆಂದು ನಾವು ಓದುವುದರ ಬಹುಭಾಗ ವಿಜಯನಗರದ ಕಾಲದ ವಿರಕ್ತರ ಕೈಯಿಂದ ಬಂದದ್ದು. ಪ್ರೌಢದೇವರಾಯನ (1424–1446) ಕಾಲದಲ್ಲಿ ನೂರೊಂದು ವಿರಕ್ತರಿದ್ದರೆಂಬುದು ಪರಂಪರೆಯ ನಂಬಿಕೆ. ಸಂಖ್ಯೆ ಏನೇ ಇರಲಿ, ಆ ಶತಮಾನದಲ್ಲಿ ವಚನಗಳನ್ನು ಸಂಗ್ರಹಿಸುವ, ಸ್ಥಲಗಳಿಗೆ ಅನುಗುಣವಾಗಿ ಕಟ್ಟುವ, ಅರ್ಥ ಹೇಳುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ನಿಜ. ಮಹಲಿಂಗದೇವ, ಜಕ್ಕಣಾರ್ಯ, ಕಲ್ಲುಮಠದ ಪ್ರಭುದೇವ ಇವರೆಲ್ಲ ಈ ಕೆಲಸದವರು. ಷಟ್‌ಸ್ಥಲವನ್ನು ನೂರೊಂದು ಸ್ಥಲಗಳಾಗಿ ವಿಸ್ತರಿಸಿ, ಒಂದೊಂದಕ್ಕೂ ವಚನಗಳನ್ನು ಹೊಂದಿಸಿದ ಏಕೋತ್ತರಶತಸ್ಥಲದ ಗ್ರಂಥಗಳು ಆಗ ಹುಟ್ಟಿದವು. ಅಲ್ಲಮನ ಬೆಡಗಿನ ವಚನಗಳಿಗೆ ಟೀಕೆ ಬರೆಯುವುದು ಈ ಪರಂಪರೆಯ ಅತ್ಯಂತ ಕಠಿಣವಾದ, ಹಾಗಾಗಿಯೇ ಅತ್ಯಂತ ಸ್ವಾರಸ್ಯಕರವಾದ ಭಾಗ. ಟೀಕಾಕಾರ ಮೂಲದ ಒಂದು ಪದವನ್ನು ಎತ್ತಿಕೊಳ್ಳುತ್ತಾನೆ, ‘ಎಂದರೆ’ ಎಂದು ಮುಂದುವರಿಯುತ್ತಾನೆ, ಇರುವೆಯೋ ಆನೆಯೋ ಊರೋ ಬಾವಿಯೋ ಯಾವ ತತ್ತ್ವದ ಹೆಸರೆಂಬುದನ್ನು ಬಿಡಿಸುತ್ತಾನೆ, ಕೊನೆಗೆ ಇಡೀ ವಚನದ ತಾತ್ಪರ್ಯಕ್ಕೆ ಬರುತ್ತಾನೆ. ಶೂನ್ಯಸಂಪಾದನೆಯೂ ಒಂದರ್ಥದಲ್ಲಿ ವ್ಯಾಖ್ಯಾನವೇ. ಅದು ಅರ್ಥ ಹೇಳುವುದಿಲ್ಲ, ಸಂದರ್ಭ ಕಟ್ಟುತ್ತದೆ. ಯಾವ ಮಾತಿಗೆ ಯಾವ ಮಾತು ಉತ್ತರ ಎಂದು ನಿರ್ಧರಿಸುವ ಮೂಲಕವೇ ಅರ್ಥವನ್ನು ನಿಲ್ಲಿಸುತ್ತದೆ.

ಇಂಗ್ಲಿಷಿಗೆ ಹೋದದ್ದು ಮೂಲ. ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ಪ್ರಕಟಿಸುವುದಕ್ಕೂ ಮೊದಲೇ ಬಸವಣ್ಣನ ವಚನಗಳ ಇಂಗ್ಲಿಷ್ ರೂಪಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಮುದ್ರಿಸಿದ್ದರು. ಮಾಸ್ತಿಯವರ ಬಸವಣ್ಣನ ಅನುವಾದ ಮುಂದಿನ ದಶಕದ್ದು. 1973ರಲ್ಲಿ ಬಂದ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ವಚನವನ್ನು ಜಗತ್ತಿನ ಓದುಗರಿಗೆ ಮುಟ್ಟಿಸಿತು. ಆ ಪುಸ್ತಕದ ವಿನ್ಯಾಸವನ್ನೇ ಗಮನಿಸಬೇಕು. ದಾಸಿಮಯ್ಯ, ಬಸವಣ್ಣ, ಮಹಾದೇವಿಯಕ್ಕ, ಅಲ್ಲಮ ಈ ನಾಲ್ವರು ಪುಸ್ತಕದ ನಡುವೆ ಇದ್ದಾರೆ. ಷಟ್‌ಸ್ಥಲದ ನಿರೂಪಣೆ ಕೊನೆಯಲ್ಲಿ, ಅನುಬಂಧದಲ್ಲಿದೆ. ವಚನಗಳ ಅನುಕ್ರಮದಲ್ಲಿ ಸ್ಥಲದ ಸುಳಿವು ಉಳಿದಿದ್ದರೂ ಓದುಗ ಮೊದಲು ಭೇಟಿಯಾಗುವುದು ಒಂಟಿಯಾಗಿ ನಿಂತ ಒಂದು ಭಾವಗೀತೆಯನ್ನು. ಟೀಕಾಕಾರನಿಗೆ ಮೊದಲು ಸ್ಥಲ, ಆಮೇಲೆ ವಚನ. ಒಂದು ಹಸ್ತಪ್ರತಿಯ ಹೊಸ್ತಿಲು ಇನ್ನೊಂದು ಪುಸ್ತಕದ ಹಿತ್ತಿಲಾಯಿತು. ಇದನ್ನು ರಾಮಾನುಜನ್ ಅವರ ಲೋಪವೆಂದು ಹೇಳುವುದು ಅನ್ಯಾಯವಾದೀತು. ಅವರು ಕವಿತೆಯನ್ನು ಹುಡುಕಿ ಹೊರಟವರು, ಅದನ್ನು ತಂದುಕೊಟ್ಟರು. ತೇಜಸ್ವಿನಿ ನಿರಂಜನ ಅವರು 1992ರ ‘ಸೈಟಿಂಗ್ ಟ್ರಾನ್ಸ್‌ಲೇಷನ್’ ಗ್ರಂಥದ ಕೊನೆಯ ಭಾಗದಲ್ಲಿ ಅಲ್ಲಮನ ಅನುವಾದವನ್ನು ಎತ್ತಿಕೊಂಡು ರಾಮಾನುಜನ್ ಅವರೊಡನೆ ನಡೆಸಿದ ವಾಗ್ವಾದ ಪ್ರಸಿದ್ಧವಾಗಿದೆ. ಗುಹೇಶ್ವರನನ್ನು ‘ಗುಹೆಗಳ ಒಡೆಯ’ನನ್ನಾಗಿ ಬಿಡಿಸಬೇಕೆ, ಹಾಗೆಯೇ ಉಳಿಸಬೇಕೆ ಎಂಬ ಪ್ರಶ್ನೆ ಅಂದಿನಿಂದ ಅನುವಾದ ಅಧ್ಯಯನದ ತರಗತಿಗಳಿಗೆ ಸೇರಿಹೋಗಿದೆ. ಆ ವಾಗ್ವಾದ ಇಬ್ಬರು ಆಧುನಿಕ ಓದುಗರ ನಡುವಿನದು. ಐದು ನೂರು ವರ್ಷಗಳ ಹಿಂದೆ ಅದೇ ಅಲ್ಲಮನನ್ನು ಪದಪದವಾಗಿ ಓದಿದ ಮೂರನೆಯ ಸಾಕ್ಷಿಯನ್ನು ತರಗತಿಗೆ ಕರೆತರಬೇಕೆಂದರೆ ಆ ಸಾಕ್ಷಿಗೆ ಇಂಗ್ಲಿಷ್ ಬಾರದು.

ಧಾರವಾಡದ ಕೆಲಸವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರವರೆಗೆ ಶೂನ್ಯಸಂಪಾದನೆಯನ್ನು ಐದು ಇಂಗ್ಲಿಷ್ ಸಂಪುಟಗಳಲ್ಲಿ ಹೊರತಂದಿತು. ಎಸ್.ಸಿ. ನಂದೀಮಠ, ಆರ್.ಸಿ. ಹಿರೇಮಠ, ಸಂ.ಶಿ. ಭೂಸನೂರಮಠ, ಎಂ.ಎಸ್. ಸುಂಕಾಪುರ ಇವರ ಜೊತೆಗೆ ಇಂಗ್ಲಿಷ್ ಕವಿಯೂ ಪ್ರಾಧ್ಯಾಪಕರೂ ಆಗಿದ್ದ ಅರ್ಮಾಂಡೊ ಮೆನೆಜಿಸ್ ಅವರು ಆ ಕಾರ್ಯದಲ್ಲಿ ತೊಡಗಿದ್ದರು. ವಚನದ ಅನುವಾದಕ್ಕೆ ಟಿಪ್ಪಣಿ, ವಿವರಣೆಗಳನ್ನು ಬೆನ್ನಿಗೆ ಕಟ್ಟಿಕೊಟ್ಟ ಆ ಸಂಪುಟಗಳ ಇಂಗ್ಲಿಷ್ ಇಂದು ಹಳೆಯದೆನಿಸಬಹುದು, ಓದು ನಿಧಾನವಾಗಬಹುದು. ಆದರೆ ವಚನವನ್ನು ಅದರ ವ್ಯಾಖ್ಯಾನದ ಮನೆಯಲ್ಲಿಯೇ ಇಟ್ಟು ಅನುವಾದಿಸಿದ ಹಿರಿಯ ಪ್ರಯತ್ನ ಅದು. ಅದನ್ನು ಅಡಿಟಿಪ್ಪಣಿಗಷ್ಟೇ ಬಳಸಿಕೊಂಡು ಬದಿಗಿಡುವ ರೂಢಿ ಒಳ್ಳೆಯದಲ್ಲ.

ಇದೇ ಪ್ರಶ್ನೆಯನ್ನು ಇನ್ನೊಂದು ಪರಂಪರೆ ಹೇಗೆ ಎದುರಿಸಿತೆಂಬುದು ಹೋಲಿಕೆಗೆ ಅರ್ಹವಾಗಿದೆ. ಅರಿಸ್ಟಾಟಲ್ ಸತ್ತದ್ದು ಕ್ರಿ.ಪೂ. 322ರಲ್ಲಿ. ಅವನ ಗ್ರಂಥಗಳಿಗೆ ದೊಡ್ಡ ವ್ಯಾಖ್ಯಾನಗಳನ್ನು ಬರೆದ ಅಫ್ರೊಡಿಸಿಯಾಸಿನ ಅಲೆಕ್ಸಾಂಡರ್ ಕ್ರಿ.ಶ. 200ರ ಸುಮಾರಿನವನು, ಸಿಂಪ್ಲಿಸಿಯಸ್, ಫಿಲೊಪೊನಸ್ ಆರನೆಯ ಶತಮಾನದವರು. ಫಿಲೊಪೊನಸನ ಕೆಲವು ವ್ಯಾಖ್ಯಾನಗಳು ಗುರು ಅಮ್ಮೋನಿಯಸ್ ಪಾಠ ಹೇಳಿದ್ದನ್ನು ಕೇಳಿ ಬರೆದುಕೊಂಡವು. ಈ ಗ್ರೀಕ್ ವ್ಯಾಖ್ಯಾನಗಳನ್ನು ಬರ್ಲಿನ್ನಿನ ಅಕಾಡೆಮಿ 1882ರಿಂದ 1909ರವರೆಗೆ, ಹರ್ಮನ್ ಡೀಲ್ಸ್ ಅವರ ಮೇಲ್ವಿಚಾರಣೆಯಲ್ಲಿ, 23 ಸಂಪುಟಗಳಲ್ಲಿ ಮುದ್ರಿಸಿತು. ಸುಮಾರು 15,000 ಪುಟ. ಆಮೇಲೂ ಅವುಗಳಲ್ಲಿ ಬಹುಭಾಗ ಗ್ರೀಕ್ ಬಲ್ಲ ಕೆಲವರ ಸ್ವತ್ತಾಗಿಯೇ ಉಳಿಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ರಿಚರ್ಡ್ ಸೊರಾಬ್ಜಿ ಅವರು ಅವನ್ನು ಇಂಗ್ಲಿಷಿಗೆ ತರುವ ಯೋಜನೆ ಕಟ್ಟಿದರು. 1987ರಲ್ಲಿ ಮೊದಲ ಸಂಪುಟ ಬಂತು. ಈಗ ನೂರನ್ನು ದಾಟಿದೆ. (ಸೊರಾಬ್ಜಿ ಅವರ ಸೋದರತ್ತೆ, ನ್ಯಾಯವಾದಿ ಕಾರ್ನೆಲಿಯಾ ಸೊರಾಬ್ಜಿ, ಹುಟ್ಟಿದ್ದು 1866ರಲ್ಲಿ ನಾಸಿಕದಲ್ಲಿ. ಅಥೆನ್ಸಿನ ತತ್ತ್ವಶಾಸ್ತ್ರದ ಪಾಠಕ್ಕೆ 529ರ ಸುಮಾರಿಗೆ ಕಡಿವಾಣ ಬಿದ್ದಾಗ ಸಿಂಪ್ಲಿಸಿಯಸ್ ಮುಂತಾದವರು ಆಶ್ರಯ ಅರಸಿ ಹೋದದ್ದು ಪರ್ಶಿಯಾದ ಅರಸನ ಬಳಿಗೆ. ಅವರ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ಯೋಜನೆ ಒಂದು ಪಾರಸಿ ಮನೆತನದ ಕುಡಿಯಿಂದ ಮೊದಲಾಯಿತು.)

ಆ ಅನುವಾದಗಳು ಎರಡು ಸಂಗತಿಗಳನ್ನು ಇಂಗ್ಲಿಷ್ ಓದುಗರ ಮುಂದೆ ಇಟ್ಟವು. ವ್ಯಾಖ್ಯಾನ ಮೂಲವನ್ನು ಕಾಪಾಡುತ್ತದೆ: ಪಾರ್ಮೆನಿಡೀಸನ ಕಾವ್ಯದ ಬಹುಭಾಗ ಉಳಿದಿರುವುದು, ಆ ಪುಸ್ತಕ ಅಪರೂಪವಾಗಿದೆ ಎಂದು ಸಿಂಪ್ಲಿಸಿಯಸ್ ತನ್ನ ವ್ಯಾಖ್ಯಾನದಲ್ಲಿ ಅದನ್ನು ನಕಲು ಮಾಡಿಟ್ಟ ಕಾರಣಕ್ಕೆ. ವ್ಯಾಖ್ಯಾನ ಮೂಲವನ್ನು ಮೀರಿ ಯೋಚಿಸಲೂ ಬಲ್ಲದು: ಭಾರದ ವಸ್ತು ಮತ್ತು ಹಗುರ ವಸ್ತುಗಳು ಬೀಳುವ ವೇಗದ ಬಗ್ಗೆ ಅರಿಸ್ಟಾಟಲ್ ಹೇಳಿದ್ದನ್ನು ಫಿಲೊಪೊನಸ್ ವ್ಯಾಖ್ಯಾನದ ನಡುವೆಯೇ ನಿರಾಕರಿಸಿದ, ಗೆಲಿಲಿಯೋ ಅವನನ್ನು ಬಲ್ಲವನಾಗಿದ್ದ. ವ್ಯಾಖ್ಯಾನಕಾರ ಮೂಲವನ್ನು ತನ್ನ ದರ್ಶನಕ್ಕೆ ಬಗ್ಗಿಸುತ್ತಾನೆಂಬ ಆಕ್ಷೇಪ ಗ್ರೀಕಿನಲ್ಲಿಯೂ ಉಂಟು. ಪ್ಲೇಟೊ, ಅರಿಸ್ಟಾಟಲರಲ್ಲಿ ವಿರೋಧವಿಲ್ಲವೆಂದು ತೋರಿಸಲು ಸಿಂಪ್ಲಿಸಿಯಸ್ ಪಟ್ಟ ಶ್ರಮಕ್ಕೂ, ಅಲ್ಲಮನ ಅಂಕೆಗೆ ಸಿಗದ ಮಾತನ್ನು ಷಟ್‌ಸ್ಥಲದ ಮೆಟ್ಟಿಲುಗಳಿಗೆ ಹೊಂದಿಸಲು ನಮ್ಮ ಟೀಕಾಕಾರರು ಪಟ್ಟ ಶ್ರಮಕ್ಕೂ ಹೋಲಿಕೆ ಸ್ಪಷ್ಟವಾಗಿದೆ. ಸೊರಾಬ್ಜಿ ಅವರ ಬಳಗ ಆ ಬಗ್ಗಿಸುವಿಕೆಯನ್ನು ಕಳಂಕವೆಂದು ಎಣಿಸದೆ ಅಧ್ಯಯನದ ವಸ್ತುವೆಂದು ಎಣಿಸಿತು. ಕನ್ನಡ ವಿಮರ್ಶೆ ಬಹುಕಾಲ ಮೊದಲನೆಯ ದಾರಿ ಹಿಡಿಯಿತು. ಟೀಕೆಯ ಪೊರೆ ಸುಲಿದರೆ ಶುದ್ಧವಾದ ಅಲ್ಲಮ ಸಿಕ್ಕುತ್ತಾನೆಂಬ ಭರವಸೆ ಅದರದು. ಡಿ.ಆರ್. ನಾಗರಾಜ್ ಅವರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಬಂದ ಮೇಲೆ ಅಲ್ಲಮನನ್ನು ತತ್ತ್ವಪರಂಪರೆಗಳಿಂದ ಬೇರ್ಪಡಿಸಿ ಓದುವುದು ಅಷ್ಟು ಸುಲಭವಾಗಿ ಉಳಿದಿಲ್ಲ.

ಟೀಕೆಯ ಅನುವಾದ ಮೂಲದ ಅನುವಾದಕ್ಕಿಂತ ಬೇರೆಯದೇ ಶಿಸ್ತನ್ನು ಕೇಳುತ್ತದೆ. ಮೂಲದಲ್ಲಿ ‘ಊರು’ ಎಂದಿದೆ, ಟೀಕಾಕಾರ ಅದನ್ನು ದೇಹವೆಂದು ಬಿಡಿಸುತ್ತಾನೆ ಎಂದಿಟ್ಟುಕೊಳ್ಳೋಣ. ಕವಿತೆಯ ಅನುವಾದಕ ‘ಊರು’ ಎಂಬುದನ್ನು ಮೊದಲೇ ‘ದೇಹವೆಂಬ ಊರು’ ಮಾಡಿದ್ದರೆ ಟೀಕೆಗೆ ಹೇಳಲು ಏನೂ ಉಳಿಯುವುದಿಲ್ಲ. ಸೊಗಸಿಗಾಗಿ ಅದನ್ನು ಒಂದು ಕಡೆ ಊರು, ಇನ್ನೊಂದು ಕಡೆ ಕೋಟೆ ಎಂದು ಬದಲಿಸಿದ್ದರೆ ಟೀಕಾಕಾರ ಎರಡು ಬೇರೆ ಪದಗಳನ್ನು ವಿವರಿಸುತ್ತಿರುವಂತೆ ಕಾಣುತ್ತದೆ. ಅಂದರೆ ಟೀಕೆಯನ್ನು ಅನುವಾದಿಸುವವರು ಪ್ರಸಿದ್ಧ ಇಂಗ್ಲಿಷ್ ವಚನಗಳನ್ನು ಎರವಲು ತಂದು ಅದರ ಕೆಳಗೆ ಟೀಕೆ ಜೋಡಿಸುವಂತಿಲ್ಲ. ವಚನವನ್ನೇ ಟೀಕಾಕಾರನ ಕಣ್ಣಿನಿಂದ ಮತ್ತೊಮ್ಮೆ, ಒರಟಾದರೂ ಚಿಂತೆಯಿಲ್ಲ, ಅನುವಾದಿಸಬೇಕು. ಗ್ರೀಕ್ ಸಂಪುಟಗಳ ಕೊನೆಯಲ್ಲಿ ಇಂಗ್ಲಿಷಿನಿಂದ ಗ್ರೀಕಿಗೂ ಗ್ರೀಕಿನಿಂದ ಇಂಗ್ಲಿಷಿಗೂ ಇರುವ ಪದಸೂಚಿಗಳು ಅಲಂಕಾರಕ್ಕೆ ಇಟ್ಟವಲ್ಲ. ಒಂದು ಪದಕ್ಕೆ ಒಂದು ಪ್ರತಿಪದ ಎಂಬ ಕಟ್ಟುಪಾಡನ್ನು ಎಲ್ಲಿ ಪಾಲಿಸಿದೆ, ಎಲ್ಲಿ ಮುರಿದಿದೆ ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ‘ಸ್ಥಲ’ವನ್ನು ಹಂತ ಎಂದರೆ ಏರಿಕೆ ಉಳಿಯುತ್ತದೆ, ನೆಲೆ ಹೋಗುತ್ತದೆ; ನೆಲೆ ಎಂದರೆ ಅದಕ್ಕೆ ವಿರುದ್ಧವಾದದ್ದು ಆಗುತ್ತದೆ. ಟೀಕಾಕಾರನ ವಾದ ನಿಂತಿರುವುದು ಈ ಎರಡೂ ಒಂದೇ ಪದದಲ್ಲಿರುವುದರ ಮೇಲೆ.

ಈ ಚರ್ಚೆ ಸೊಲ್ಲಾಪುರಕ್ಕೆ ಬರುವಾಗ ಇನ್ನಷ್ಟು ತೀಕ್ಷ್ಣವಾಗುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಸೊನ್ನಲಿಗೆಗೆ ಬರುತ್ತಾನೆ, ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಮಣ್ಣು ಅಗೆಯುವ ಒಡ್ಡನೆಂಬಂತೆ ಹಂಗಿಸುತ್ತಾನೆ, ಕೆಲಸಗಾರರು ಕಲ್ಲು ಬೀರುತ್ತಾರೆ, ಸಿದ್ಧರಾಮ ಕೆರಳುತ್ತಾನೆ, ಕೊನೆಗೆ ಇಬ್ಬರೂ ಕಲ್ಯಾಣಕ್ಕೆ ನಡೆಯುತ್ತಾರೆ. ಅಲ್ಲಿನ ತಾತ್ತ್ವಿಕ ಪ್ರಶ್ನೆ ಸಣ್ಣದಲ್ಲ: ಲೋಕಕ್ಕೆ ನೀರು ಕೊಡುವ ಕಾಯಕ ಅರಿವಿಗೆ ತೊಡಕೇ, ಮೆಟ್ಟಿಲೇ? ಆ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ; ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ನಂದಿಧ್ವಜಗಳು ಹೊರಡುವ ಊರಿನಲ್ಲಿ ಈ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ. ಮುಂದೆ ಕಲ್ಯಾಣದಲ್ಲಿ ಸಿದ್ಧರಾಮನಿಗೆ ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗ ಬರುತ್ತದೆ. ಈ ವಿಷಯದಲ್ಲಿ ಸಂಪಾದನೆಯ ನಾಲ್ಕು ಆವೃತ್ತಿಗಳು ಒಮ್ಮತದಲ್ಲಿಲ್ಲ. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರ ನಡುವಣ ಅಂತರಗಳಲ್ಲಿ ಈ ದೀಕ್ಷೆಯ ಪ್ರಶ್ನೆ ಮುಖ್ಯವಾದುದು. ಧಾರವಾಡದ ಇಂಗ್ಲಿಷ್ ಸಂಪುಟಗಳು ಗೂಳೂರು ಆವೃತ್ತಿಯನ್ನು ಅನುಸರಿಸಿವೆ. ಅದರಲ್ಲಿ ದೀಕ್ಷೆ ಉಂಟು. ಹಾಗಾಗಿ ಸಿದ್ಧರಾಮನ ಊರಿನಲ್ಲಿಯೇ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ, ಶತಮಾನಗಳ ಕಾಲ ನಡೆದ ವಾದದಲ್ಲಿ ಒಂದು ಪಕ್ಷವನ್ನು ಚರಿತ್ರೆಯೆಂದು ತಿಳಿದು ಮುಂದೆ ಹೋಗುತ್ತಾನೆ. ವಾದವಿತ್ತೆಂಬುದೇ ಅವನಿಗೆ ತಿಳಿಯುವುದಿಲ್ಲ. ರಾಮಾನುಜನ್ ಅವರ ನಾಲ್ವರಲ್ಲಿ ಸಿದ್ಧರಾಮ ಇಲ್ಲದಿರುವುದರಿಂದ ಅಲ್ಲಿಯೂ ಅವನಿಗೆ ಬೇರೆ ದಾರಿ ಕಾಣದು.

ಗಡಿಭಾಗದಲ್ಲಿ ಇಂಗ್ಲಿಷಿಗೆ ಮೊದಲು ಮರಾಠಿಯನ್ನು ಯೋಚಿಸುವುದು ಸರಿಯಾದೀತು. ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ (1912–1986) ವಚನಗಳನ್ನು ಮರಾಠಿಗೆ ತಂದವರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಆ ಪೀಠಕ್ಕೆ ಬಂದ ಮೊದಲ ಮಹಿಳೆ ಅವರಾದರು. ಟೀಕೆಯ ಪಾರಿಭಾಷಿಕ ಪದಗಳಲ್ಲಿ ಹಲವು, ಸ್ಥಲ, ಅಂಗ, ಲಿಂಗ, ಪ್ರಸಾದ, ಮರಾಠಿಯಲ್ಲಿ ಹಾಗೆಯೇ ನಿಲ್ಲುತ್ತವೆ. ಇಂಗ್ಲಿಷ್ ಅನುವಾದಕ ಮೊದಲ ಪುಟದಲ್ಲಿಯೇ ಎಡವುವ ಕಲ್ಲುಗಳು ಅಲ್ಲಿಲ್ಲ. ತೊಡಕು ಬರುವುದು ಅಚ್ಚಗನ್ನಡದ ಪದಗಳಲ್ಲಿ. ಬೋರಿ ನದಿಯ ದಂಡೆಯ ಕುರನೂರಿನ ಸುತ್ತ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುವ ಹಳ್ಳಿಗಳಲ್ಲಿ, ‘ಬಯಲು’ ಎಂದರೆ ಮೊದಲು ಕಣ್ಣಿಗೆ ಬರುವುದು ಮರವಿಲ್ಲದ ತೆರೆದ ನೆಲ. ವಚನಕಾರನ ಬಯಲೂ ಅಲ್ಲಿಂದಲೇ ಹೊರಟದ್ದು. ಅದನ್ನು ಮರಾಠಿಯಲ್ಲಿ ‘ಮಾಳ’ ಎಂದರೆ ನೆಲ ದಕ್ಕುತ್ತದೆ, ತತ್ತ್ವ ಜಾರುತ್ತದೆ. ‘ಶೂನ್ಯ’ ಎಂದರೆ ತತ್ತ್ವ ದಕ್ಕುತ್ತದೆ. ಆದರೆ ಅದು ಟೀಕಾಕಾರ ‘ಎಂದರೆ’ ಎಂದ ಮೇಲೆ ಹೇಳಬೇಕಾದ ಮಾತು, ಮೂಲದ ಸಾಲಿನಲ್ಲಿಯೇ ಅದನ್ನು ಬಳಸಿಬಿಟ್ಟರೆ ಅವನ ಮುಂದಿನ ವಾಕ್ಯಕ್ಕೆ ಪದ ಸಿಗುವುದಿಲ್ಲ.